ಕಿಟಕಿಯಲ್ಲಿಟ್ಟ ತಾಟು

ಮೊದಲು ನಾನು ದೋಷ ಹೊರಿಸಿದ್ದು ಶಿವದಾರದ ಮೇಲೆ. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬಾಲ್ಯದಿಂದಲೂ ಕೊರಳಲ್ಲಿ ಧರಿಸಿದವನು ನಾನು. ಅದರ ಭಾರಕ್ಕೆ ದಾರ ಉಜ್ಜಿ ಉಜ್ಜಿ ಕತ್ತಿನ ಎಡಬದಿಯಲ್ಲಿ ಹುಣಸೆ ಬೀಜದಷ್ಟು ಗಡ್ಡೆಯೊಂದು ಎದ್ದಿದೆ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿದೆ. ನೂಲಿನ ದಾರ ತೆಗೆದು ರೇಷ್ಮೆಯದನ್ನು ಹಾಕಿದೆ. ಎರಡು ಬೆರಳಿನಷ್ಟು ಉದ್ದ ಕಡಿಮೆ ಮಾಡಿದೆ. ಕೊನೆಗೆ ಕರಡಿಗೆಯನ್ನೇ ಬಿಟ್ಟು ಲಿಂಗವನ್ನು ಬರಿಯ ವಸ್ತ್ರದಲ್ಲಿ ಕಟ್ಟಿಕೊಂಡೆ. ಮೂವತ್ನಾಲ್ಕು ವರ್ಷ ಸರಕಾರಿ ಕಚೇರಿಯಲ್ಲಿ ನಗರದ ನಕ್ಷೆ ಬರೆದವನಾದ್ದರಿಂದ, ಪ್ರತಿ ಸೋಮವಾರ ಪೂಜೆಯಾದ ಮೇಲೆ ಹಳೆಯ ಕೈವಾರದಿಂದ ಗಡ್ಡೆಯ ಅಗಲವನ್ನು ಅಳೆದು ಪಂಚಾಂಗದ ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ಅಳತೆಗಳು ಏರುತ್ತಲೇ ಹೋದವು. ಆದರೂ ಮೂರು ತಿಂಗಳು ದಾರವನ್ನೇ ಬದಲಿಸುತ್ತ ಕುಳಿತೆ. ಅಳತೆ ಸರಿಯಿತ್ತು, ತೀರ್ಮಾನ ತಪ್ಪಿತ್ತು. ಕತ್ತಿನಲ್ಲಿ ನೋವಿಲ್ಲದ ಗಡ್ಡೆಯನ್ನು ತಡವುತ್ತ ಇದನ್ನು ಓದುವವರು ಯಾರಾದರೂ ಇದ್ದರೆ, ಅವರು ಆ ಮೂರು ತಿಂಗಳನ್ನು ಕಳೆದುಕೊಳ್ಳಬಾರದೆಂದು ಮೊದಲು ಇದನ್ನೇ ಬರೆದಿದ್ದೇನೆ.

ಆಗ ನಾನು ಹೈದರಾಬಾದಿನ ಮಣಿಕೊಂಡದಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಉಪ್ಪಲ್‌ನ ನನ್ನ ಎರಡು ಕೋಣೆಗಳ ಮನೆಗೆ ಬೀಗ ಹಾಕಿಸಿ ಅಲ್ಲಿಗೆ ಕರೆದುಕೊಂಡು ಹೋದವಳು ಅವಳೇ. ಅವಳೂ ಅಳಿಯ ಮಹೇಶನೂ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದರು. ನಾಲ್ಕು ವರ್ಷದ ಮೊಮ್ಮಗಳು ಚಿನ್ನಿಯನ್ನು ನೋಡಿಕೊಳ್ಳಲು ಜನ ಬೇಕಿತ್ತು, ನನಗೂ ಜನ ಬೇಕಿತ್ತು. ನಾನು ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಮಣಿಕೊಂಡವೆಂದರೆ ಕಾಗದದ ಮೇಲೆ ಬಂಡೆಗಳ ಗುರುತು ಮಾತ್ರ. ಈಗ ಆ ಬಂಡೆಗಳನ್ನು ಒಡೆಯಲು ದಿನವೂ ಮಧ್ಯಾಹ್ನ ಮದ್ದು ಸಿಡಿಸುತ್ತಿದ್ದರು. ಆರನೆಯ ಮಹಡಿಯ ಕಿಟಕಿಗಳು ಗಡಗಡ ಎನ್ನುತ್ತಿದ್ದವು. ಆ ಸದ್ದಿಗೆ ಮಲಗಿದ ಮಗು ಏಳಬಾರದೆಂದು ನಾನು ಅವಳ ಕಿವಿಯ ಮೇಲೆ ಕೈ ಇಟ್ಟು ಕೂಡುತ್ತಿದ್ದೆ.

ಚಿನ್ನಿ ಉಣ್ಣುತ್ತಿದ್ದುದು ನನ್ನ ತಾಟಿನಲ್ಲಿ. ಊಟವಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯುವುದು ನಮ್ಮ ಮನೆತನದ ಪದ್ಧತಿ. ಅನ್ನ ಪ್ರಸಾದ, ಒಂದು ಅಗುಳೂ ಮೋರಿಗೆ ಹೋಗಬಾರದು. ಹೊಸ ಕಾಲದ ಮನೆಯಲ್ಲಿ ಇದನ್ನು ನಾನೊಬ್ಬನೇ ಮಾಡುತ್ತಿದ್ದೆ. ಆ ನೀರಿನ ಕೊನೆಯ ಗುಟುಕು ತನ್ನದೆಂದು ಮಗು ಹಕ್ಕು ಸ್ಥಾಪಿಸಿತ್ತು. "ಮುತ್ಯಾ, ಎಲ್ಲಾ ಕುಡೀಬ್ಯಾಡ, ನನಗ ಇಡು" ಎಂದು ಕೈ ಹಿಡಿಯುತ್ತಿತ್ತು. ಮುತ್ಯಾ ಎಂದರೆ ನಮ್ಮ ಬೀದರ್ ಕಡೆಯಲ್ಲಿ ಅಜ್ಜ. ಮುಂದಿನ ಆರು ತಿಂಗಳು ನಾನು ಹೋರಾಡಿದ್ದು ಆ ಒಂದು ಗುಟುಕಿಗಾಗಿ.

ಸಂಜೆಯ ಜ್ವರ ಶುರುವಾಗಿ, ಅಂಗಿಯ ಕಾಲರು ಸಡಿಲಾಗಿ, ಗಡ್ಡೆ ಮಾತ್ರ ದೊಡ್ಡದಾದಾಗ ವೈದ್ಯರ ಬಳಿ ಹೋದೆ. ಮೊದಲನೆಯ ವೈದ್ಯ ನನ್ನ ಕತ್ತನ್ನು ಮುಟ್ಟಲಿಲ್ಲ. ಮೊಬೈಲಿನಲ್ಲಿ ಯಾವುದೋ ಫ್ಲ್ಯಾಟಿನ ಮಾತುಕತೆ ನಡೆಸುತ್ತಲೇ ಐದು ದಿನದ ಮಾತ್ರೆ ಬರೆದ. ನಾನು ಎದ್ದಾಗಲೂ ಅವನ ಮಾತು ಮೂರನೆಯ ಮಹಡಿಯೋ ಐದನೆಯದೋ ಎಂಬಲ್ಲೇ ಇತ್ತು. ಎರಡನೆಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕೆಂದರು. ಅಲ್ಲಿನ ಆಳು ಬಾಗಿಲಲ್ಲೇ ನಿಂತು, "ಮುಸಲೋಡಾ, ಆ ದಾರಂ ತೀಸೇಯ್" ಎಂದ. ಮುದುಕಾ, ಆ ದಾರ ತೆಗೆ ಎಂದು ಅರ್ಥ. ತೆಲುಗಿನಲ್ಲಿ ಗೌರವದ ರೂಪಗಳಿಗೆ ಕೊರತೆಯಿಲ್ಲ. ಅವನು ಒಂದನ್ನೂ ಬಳಸಲಿಲ್ಲ.

ಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲವೆಂದೆ. ಅವನು ನಕ್ಕ. ಸಾಲಿನಲ್ಲಿದ್ದ ಇಬ್ಬರೂ ನಕ್ಕರು. ಸೂಜಿ ಹಿಡಿದು ಒಳಗೆ ಕಾಯುತ್ತಿದ್ದ ವೈದ್ಯೆ ಹೊರಗೆ ಬಂದಳು. ಸುಧಾಳಿಗಿಂತ ಚಿಕ್ಕವಳು. ವಿಷಯ ಕೇಳಿ, "ತೋಳಿಗೆ ಕಟ್ಟಿದರೆ ನಡೆಯುತ್ತದೆಯೇ, ಅಂಕಲ್?" ಎಂದು ಹಿಂದಿಯಲ್ಲಿ ಕೇಳಿದಳು. ನಡೆಯುತ್ತದೆ ಎಂದೆ. ಕೈಗವಸು ತೆಗೆದು, ಕೈ ತೊಳೆದು, ತಾನೇ ನನ್ನ ಬಲತೋಳಿಗೆ ಕಟ್ಟಿದಳು. ಬಿಗಿಯಾಯಿತೇ ಎಂದು ಎರಡು ಸಲ ವಿಚಾರಿಸಿದಳು. ಅವಮಾನಗಳನ್ನು ಬರೆದಿಡುವವನು ಇದನ್ನೂ ಬರೆದಿಡಬೇಕು.

ಫಲಿತಾಂಶಕ್ಕೆ ಐದು ದಿನ. ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಶಬ್ದವನ್ನು ಆಡಲಿಲ್ಲ. ಆಡದಿರುವುದರಲ್ಲೇ ಅದು ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ನಾನೂ ಓಡಾಡಿದೆ. ಬಾಲ್ಕನಿಯಿಂದ ಅಡುಗೆಮನೆಗೆ ಇಪ್ಪತ್ತೆರಡು ಹೆಜ್ಜೆ. ಕೂತರೆ ಕತ್ತಿಗೆ ಕೈ ಹೋಗುತ್ತಿತ್ತು, ಕೈ ಹೋದರೆ ಏಳುತ್ತಿದ್ದೆ. ಐದನೆಯ ದಿನ ವೈದ್ಯೆ ಕಾಗದ ನೋಡಿ, ಇದು ಕ್ಷಯ, ಕತ್ತಿನ ಗ್ರಂಥಿಗಳದ್ದು, ಔಷಧಿಯಿದೆ, ಆರು ತಿಂಗಳಲ್ಲಿ ಗುಣವಾಗುತ್ತದೆ ಎಂದಳು. ಸುಧಾ ಅಲ್ಲೇ ಅತ್ತುಬಿಟ್ಟಳು, ಸಮಾಧಾನದಿಂದ. ವೈದ್ಯೆ ಒಂದು ನಮೂನೆ ತುಂಬುತ್ತ, ಕುಟುಂಬದಲ್ಲಿ ಮೊದಲು ಯಾರಿಗಾದರೂ ಈ ರೋಗ ಇತ್ತೇ ಎಂದು ಕೇಳಿದಳು.

"ಇಲ್ಲ" ಎಂದೆ. ನನ್ನ ಜ್ಞಾಪಕಶಕ್ತಿಯ ಬಗ್ಗೆ ನನಗೆ ಅಷ್ಟು ಭರವಸೆಯಿತ್ತು.

ಎದೆಯ ಎಕ್ಸ್‌ರೇ ಚಿತ್ರ ಸ್ವಚ್ಛವಾಗಿತ್ತು. ಕತ್ತಿನಲ್ಲಷ್ಟೇ ಇರುವುದು ಕೆಮ್ಮಿನಿಂದಾಗಲಿ ತಾಟು ಲೋಟದಿಂದಾಗಲಿ ಹರಡುವುದಿಲ್ಲ ಎಂದು ವೈದ್ಯೆ ಹೇಳಿದಳು. ಬರೆದು ಕೊಡಿ ಎಂದೆ. ಬರೆದಳು. ಆ ಚೀಟಿಯನ್ನು ನಾನು ಮಹೇಶನ ಕೈಗೇ ಕೊಟ್ಟೆ.

ಮಹೇಶ ಕೆಟ್ಟವನಲ್ಲ. ಆದರೆ ಆ ಸಂಜೆ ಅವನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಚೀಟಿಯನ್ನು ಓದಿ ಮಡಚಿ ಫ್ರಿಜ್ಜಿನ ಮೇಲಿಟ್ಟ. ತನ್ನ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡ. ಮರುದಿನ ಕಚೇರಿಯಿಂದ ಹದಿನಾಲ್ಕು ಹಾಳೆ ಮುದ್ರಿಸಿಕೊಂಡು ಬಂದ. ಎಲ್ಲವೂ ಇಂಟರ್ನೆಟ್ಟಿನಿಂದ ತೆಗೆದವು, ಹಳದಿ ಗೆರೆ ಎಳೆದವು. ನಾನು ಹದಿನಾಲ್ಕನ್ನೂ ಓದಿದೆ. ಎಲ್ಲದರಲ್ಲೂ ಇದ್ದದ್ದು ಪುಪ್ಪುಸದ ಕ್ಷಯ. ಕತ್ತು ಎಂಬ ಮಾತು ಒಂದೇ ಕಡೆ ಇತ್ತು. ಅದರ ಮೇಲೆ ಹಳದಿ ಗೆರೆ ಇರಲಿಲ್ಲ.

ಮೂರನೆಯ ದಿನ ಊಟವಾದ ಮೇಲೆ ತಾಟು ತೊಳೆದು ನೀರು ಕುಡಿದು ಬೋರಲು ಹಾಕಿದಾಗ, ಅದರ ತಳದಲ್ಲಿ ಕೆಂಪು ಚುಕ್ಕೆ ಕಂಡಿತು. ಉಗುರು ಬಣ್ಣ. ಚಿನ್ನಿಗೆ ಆ ದಿನ ಒಳಕೋಣೆಯಲ್ಲಿ ಉಣಿಸಿದ್ದರು.

"ಸುಧಾ, ಇದೇನಿದು?"

ಅವಳು ತಲೆ ಎತ್ತಲಿಲ್ಲ. "ಗುರುತಿಗೆ ಅಪ್ಪಾ. ಕೆಲಸದಾಕಿ ಕಲಸಿಬಿಡ್ತಾಳಲ್ಲ, ಅದಕ್ಕ."

"ನನ್ನ ತಾಟ ಕೆಲಸದಾಕಿ ಯಾವಾಗ ತೊಳದಾಳ?"

ಮಹೇಶ ನಡುವೆ ಬಂದ. "ಮಾವಾರ, ಸಿಟ್ಟಿಗೇಳಬ್ಯಾಡ್ರಿ. ಕೂಸಿನ ಸಲುವಾಗಿ. ಒಂದಾರು ತಿಂಗಳು ಉಪ್ಪಲ್ ಮನಿಯಾಗ ಇದ್ರ ನಿಮಗೂ ಆರಾಮ. ಇಲ್ಲಿ ಬ್ಲಾಸ್ಟಿಂಗ್ ಧೂಳು ಬ್ಯಾರೆ."

ಧೂಳು! ನನ್ನನ್ನು ಹೊರಗೆ ಹಾಕುವುದಕ್ಕೆ ಅವನಿಗೆ ಸಿಕ್ಕ ಕಾರಣ ನನ್ನ ಆರೋಗ್ಯ. ಮರುದಿನ ಬೆಳಿಗ್ಗೆ ನಾನು ಎರಡು ಚೀಲ ಹಿಡಿದು ಮೆಹದಿಪಟ್ಟಣದಲ್ಲಿ ಬಸ್ಸು ಬದಲಿಸಿ, ನಗರದ ಪಡುವಣ ತುದಿಯಿಂದ ಮೂಡಣ ತುದಿಗೆ ಹೋದೆ. ಕಾರಿನಲ್ಲಿ ಬಿಡುತ್ತೇನೆಂದು ಮಹೇಶ ಹೇಳಿದ್ದ, ಬೇಡವೆಂದಿದ್ದೆ. ಕಾರಿನ ಗಾಜು ಇಳಿಸಿಕೊಂಡೇ ನಡೆಸುತ್ತಾನೆಂಬುದು ನನಗೆ ಖಚಿತವಿತ್ತು, ಅದನ್ನು ನೋಡುವ ಶಕ್ತಿ ಇರಲಿಲ್ಲ. ಚಿನ್ನಿ ಬಾಲ್ಕನಿಯಿಂದ ಕೈ ಬೀಸುತ್ತಿತ್ತು. ಹಾಲು ತರಲು ಹೊರಟಿದ್ದೇನೆಂದು ಅದಕ್ಕೆ ಹೇಳಿದ್ದರು.

ಉಪ್ಪಲ್‌ನ ಸರಕಾರಿ ಔಷಧಿ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ ಸಿಬ್ಬಂದಿಯ ಎದುರಿಗೇ ಮಾತ್ರೆ ನುಂಗಬೇಕು. ನನ್ನ ಹೆಸರು ಬರೆದ ಒಂದು ಪೆಟ್ಟಿಗೆ, ಅದರಲ್ಲಿ ಆರು ತಿಂಗಳ ಔಷಧಿ. ಮಾತ್ರೆ ಕೊಡುವ ಹೆಂಗಸು ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಅರವತ್ತೇಳು ವರ್ಷದವನು ನಾಲಿಗೆ ಎತ್ತಿ ತೋರಿಸುವುದು ಹೇಗಿರುತ್ತದೆಂದು ವಿವರಿಸಲಾರೆ. ಮೊದಲ ವಾರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ರಕ್ತವೇ ಎಂದು ಹೌಹಾರಿದೆ. ಮೊದಲೇ ಯಾರೂ ಹೇಳಿರಲಿಲ್ಲ. ಆದ್ದರಿಂದ ನಾನು ಇಲ್ಲಿ ಹೇಳುತ್ತಿದ್ದೇನೆ, ಅದು ಔಷಧಿಯ ಬಣ್ಣ, ಹೆದರಬೇಡಿ.

ಅಲ್ಲಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂಡುತ್ತಿದ್ದವನು ಭೀಮಣ್ಣ, ಚಿಂಚೋಳಿ ಕಡೆಯವನು. ಅಲ್ಲೇ ಹತ್ತಿರ ಏಳುತ್ತಿದ್ದ ಐಟಿ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸ. ನಾನು ಕನ್ನಡದವನೆಂದು ತಿಳಿದ ಕೂಡಲೇ ಸರಿದು ಬಂದು ವಿಚಾರಿಸಿದ.

"ಯಜಮಾನ್ರ, ನಿಮ್ಮದು ಯಾವುದು?"

"ಕತ್ತಿನದು."

"ಪುಣ್ಯಾ ಮಾಡೀರಿ ಬಿಡ್ರಿ. ನಂದು ಎದಿದು. ಮೇಸ್ತ್ರಿಗೆ ಹೇಳಿಲ್ಲ. ಹೇಳಿದ್ರ ನಾಳೆ ಊರಿನ ಬಸ್ಸು ಹತ್ತಸ್ತಾನ."

ನನಗೇ ಗೊತ್ತಿಲ್ಲದಂತೆ ನಾನು ಬೆಂಚಿನ ಮೇಲೆ ಸರಿದೆ. ಭೀಮಣ್ಣ ಅದನ್ನು ನೋಡಿದ. ಸಿಟ್ಟು ಮಾಡಲಿಲ್ಲ, ನಕ್ಕ.

"ಸರೀರಿ, ಸರೀರಿ. ಇನ್ನಾ ಜಾಗ ಅದ. ಪೂರಾ ತುದಿಗಿ ಹೋದ್ರ ಮಾತ್ರ ಬೆಂಚು ಏಳ್ತದ, ನಾವಿಬ್ಬರೂ ಬೀಳ್ತೀವಿ."

ಎರಡು ತಿಂಗಳಾಯಿತಂತೆ ಅವನು ಮಾತ್ರೆ ತೆಗೆದುಕೊಳ್ಳಲು ಶುರುಮಾಡಿ. ಕಫದ ಪರೀಕ್ಷೆ ಸ್ವಚ್ಛ ಬಂದಿತ್ತಂತೆ. ಅದನ್ನು ಕೇಳುವ ಮೊದಲೇ ನಾನು ಸರಿದಾಗಿತ್ತು. ಮಹೇಶನ ಕುರ್ಚಿ ಒಂದು ಮೊಳ. ನಾನು ಸರಿದದ್ದು ಅದಕ್ಕಿಂತ ಕಡಿಮೆಯೇನಲ್ಲ.

ಎರಡನೆಯ ವಾರ ನನ್ನ ಅಕ್ಕ ಗಂಗಕ್ಕ ಬಂದಳು. ನನಗಿಂತ ಐದು ವರ್ಷಕ್ಕೆ ಹಿರಿಯಳು. ಹುಮನಾಬಾದಿನ ಹತ್ತಿರದ ನಮ್ಮ ಊರಿನಲ್ಲಿ ದೊಡ್ಡಣ್ಣನ ಮಕ್ಕಳ ಜೊತೆ ಇರುವವಳು. ಸುಧಾ ಫೋನು ಮಾಡಿ ಹೇಳಿದ್ದಳಂತೆ. ಜೋಳದ ಹಿಟ್ಟಿನ ಚೀಲ, ಶೇಂಗಾ ಹಿಂಡಿಯ ಡಬ್ಬಿ, ತನ್ನದೊಂದು ತಾಟು ಇಷ್ಟನ್ನು ಹೊತ್ತು ಬಸ್ಸಿನಿಂದ ಇಳಿದಳು. ಬಂದವಳೇ ನನ್ನ ಗದ್ದ ಹಿಡಿದು ಕತ್ತನ್ನು ತಿರುಗಿಸಿ ನೋಡಿದಳು. ಮೂರು ವಾರಗಳಲ್ಲಿ ಮನೆಯವರಾಗಿ ನನ್ನ ಕತ್ತನ್ನು ಮುಟ್ಟಿದ ಮೊದಲ ಕೈ ಅದು.

"ಒಡೀತದಿದು. ಒಡದ್ರ ಅಂಜಬ್ಯಾಡ" ಎಂದಳು.

ತಿಂಗಳ ಕೊನೆಗೆ ಒಡೆಯಿತು. ಔಷಧಿ ನಡೆಯುತ್ತಿರುವಾಗಲೂ ಹೀಗಾಗುವುದುಂಟು ಎಂದು ವೈದ್ಯೆ ಧೈರ್ಯ ಹೇಳಿದಳು. ಅಕ್ಕ ದಿನಾ ಅರಿವೆ ಕುದಿಸಿ ಗಾಯ ಒರೆಸಿದಳು. ಅವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಅವಳು ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದೆಯುವುದನ್ನು ಸುಮಾರು ಐವತ್ತು ವರ್ಷದಿಂದ ನೋಡಿದ್ದೆ, ಅದನ್ನೂ ಕೇಳಿರಲಿಲ್ಲ. ನಾನು ಆ ದಿನಗಳಲ್ಲಿ ನನ್ನದೇ ಅವಮಾನಗಳನ್ನು ಎಣಿಸುವುದರಲ್ಲಿ ಮಗ್ನನಾಗಿದ್ದೆ. ರೊಟ್ಟಿ ತಟ್ಟುವಾಗ ಎದುರಿಗೆ ಕುಳಿತು ಹೇಳುತ್ತಿದ್ದೆ: ಕುರ್ಚಿ, ಹಳದಿ ಗೆರೆ, ಕೆಂಪು ಚುಕ್ಕೆ, ಧೂಳು. ಅಕ್ಕ ಹೂಂಗುಟ್ಟುತ್ತಿದ್ದಳು.

ಒಂದು ವಿಷಯ ಮಾತ್ರ ನನ್ನನ್ನು ದಿನವೂ ಕೆರಳಿಸುತ್ತಿತ್ತು. ಅಕ್ಕ ಊಟ ಮಾಡಿ, ತಾಟು ತೊಳೆದು ನೀರು ಕುಡಿದು, ಒರೆಸಿ, ಆ ತಾಟನ್ನು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದಳು. ಗೋಡೆಯ ಸ್ಟೀಲಿನ ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಜಾಗವಿತ್ತು. ನಾನು ತೆಗೆದು ಸ್ಟ್ಯಾಂಡಿನಲ್ಲಿಟ್ಟರೆ ಮರುದಿನ ಮತ್ತೆ ಕಿಟಕಿಯಲ್ಲಿ. ಒಂದು ದಿನ ಗದರಿದೆ.

"ಅಕ್ಕಾ, ಎಷ್ಟು ಸಲ ಹೇಳ್ಬೇಕು? ಒಂದು ಮನಿ ಅಂದ ಮ್ಯಾಲ ಒಂದು ಪದ್ಧತಿ ಇರ್ಬೇಕು."

ಅವಳು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, ನೀರು ಸವರಿ, ನಕ್ಕಳು. "ಪದ್ಧತಿ ನೀನೇ ಹಾಕಿದ್ದಲ್ಲೇನೋ ತಮ್ಮಾ?"

"ನಾನಾ?"

"ಹೈದರಾಬಾದಿಗಿ ಕಲೀಲಾಕ ಹೋದಾಂವ ಸೂಟಿಗಿ ಬಂದಿದ್ದಿ. ಪುಸ್ತಕಾ ತೆಗದು ಅವ್ವಗ ಓದಿ ಹೇಳಿದಿ, ಗಂಗಕ್ಕನ ತಾಟ ಬ್ಯಾರೆ ಇಡ್ರಿ ಅಂತ. ಅವ್ವ ಕಿಟಕ್ಯಾಗ ಇಟ್ಟಳು."

ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಅದನ್ನು ತಿರುವಿ ಹಾಕಿ ಅವಳು ಹೇಳಿದಳು: "ಎಷ್ಟು ದಿನಾ ಅಂತ ನೀ ಹೇಳಲಿಲ್ಲ."

ಆಗ ಎಲ್ಲವೂ ಬಂತು. ಹೊಸದಾಗಿ ನೆನಪಾದ ಹಾಗಲ್ಲ, ಬಹಳ ದಿನದಿಂದ ಬಾಗಿಲ ಹೊರಗೆ ನಿಂತಿದ್ದು ಒಳಗೆ ಬಂದ ಹಾಗೆ. ಅಕ್ಕನಿಗೆ ಇಪ್ಪತ್ನಾಲ್ಕು, ನನಗೆ ಹತ್ತೊಂಬತ್ತು. ಕತ್ತಿನ ಎರಡೂ ಬದಿ ಗಡ್ಡೆಯೆದ್ದು ಗಂಡನ ಮನೆಯವರು ಅವಳನ್ನು ತಂದು ಬಿಟ್ಟಿದ್ದರು. ಊರಿನವರು ಗಂಡಮಾಲೆ ಎನ್ನುತ್ತಿದ್ದರು. ಹುಮನಾಬಾದಿನ ದವಾಖಾನೆಗೆ ನಡೆದು ಹೋಗಿ ತಿಂಗಳುಗಟ್ಟಲೆ ಸೂಜಿ ಮದ್ದು ಹಾಕಿಸಿಕೊಂಡು ಅವಳು ಗುಣವಾದಳು. ಗಂಡನ ಮನೆಯವರು ಮತ್ತೆ ಕರೆಯಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ಆರೋಗ್ಯ ಶಾಸ್ತ್ರದ ಪಠ್ಯಪುಸ್ತಕದ ಒಂದು ಪುಟವನ್ನು ಓದಿ, ಅದರಲ್ಲಿ ಯಾವ ಕ್ಷಯದ ಮಾತಿದೆ ಎಂದು ನೋಡದೆ, ಅವ್ವನಿಗೆ ಆಜ್ಞೆ ಕೊಟ್ಟು, ಹದಿನೈದು ದಿನದಲ್ಲಿ ಕಾಲೇಜಿಗೆ ಮರಳಿದೆ. ನನ್ನ ಆಜ್ಞೆ ಮಾತ್ರ ಅಲ್ಲೇ ಉಳಿಯಿತು. ಅವ್ವ ತೀರಿದಳು, ದೊಡ್ಡಣ್ಣ ತೀರಿದ, ಹಳೆಯ ಮನೆ ಕೆಡವಿ ಹೊಸದು ಕಟ್ಟಿದರು. ಅಕ್ಕ ಪ್ರತಿ ಮನೆಯಲ್ಲೂ ಒಂದು ಕಿಟಕಿ ಹುಡುಕಿಕೊಂಡಳು. ಅದನ್ನು ನಾನು ಅವಳ ಮಡಿಯ ಗೀಳು ಎಂದುಕೊಂಡು ಹಾಸ್ಯವನ್ನೂ ಮಾಡಿದ್ದೆ.

ಆ ದಿನ ಮನೆಯಲ್ಲಿ ಕೂಡಲಾಗಲಿಲ್ಲ. ಉಪ್ಪಲ್ ವೃತ್ತದವರೆಗೆ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ. ಮರುದಿನ ಬಸ್ಸು ಹತ್ತಿ ವೈದ್ಯೆಯ ಬಳಿ ಹೋದೆ. ಸರದಿ ಬರಲು ಮೂರು ಗಂಟೆ ಹಿಡಿಯಿತು.

"ಅಂದು ತುಂಬಿದ ನಮೂನೆಯಲ್ಲಿ ಒಂದು ತಪ್ಪಿದೆ. ಕುಟುಂಬದಲ್ಲಿ ಯಾರಿಗೂ ಇರಲಿಲ್ಲ ಎಂದು ಬರೆಸಿದ್ದೆ. ಅಕ್ಕನಿಗೆ ಇತ್ತು."

"ಯಾವಾಗ?"

"ನಲವತ್ತೆಂಟು ವರ್ಷದ ಹಿಂದೆ."

ಅದರಿಂದ ಚಿಕಿತ್ಸೆಯಲ್ಲಿ ಬದಲಾವಣೆಯೇನೂ ಇಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಇರಲಿ, ತಿದ್ದಿ ಎಂದೆ. ನನ್ನ ಮುಖ ನೋಡಿ, ಕಡತ ತರಿಸಿ, "ಇಲ್ಲ" ಎಂಬುದನ್ನು ಹೊಡೆದು "ಅಕ್ಕ" ಎಂದು ಬರೆದು ಸಹಿ ಹಾಕಿದಳು.

ಅಕ್ಕನ ಬಳಿ ಕ್ಷಮೆ ಕೇಳಿದೆನೇ ಎಂದು ಓದುಗರು ಕೇಳಬಹುದು. ಕೇಳಲು ಹೋದೆ. "ಸುಮ್ಮಕೂಡು, ಹಿಟ್ಟು ಆರ್ತದ" ಎಂದಳು.

ಸುಧಾ ಭಾನುವಾರ ಭಾನುವಾರ ಒಬ್ಬಳೇ ಬರುತ್ತಿದ್ದಳು. ಒಂದು ಸಲ ಫೋನಿನಲ್ಲಿ ಚಿನ್ನಿಯ ದನಿ ಕೇಳಿಸಿದಳು. "ಮುತ್ಯಾ, ಹಾಲು ಸಿಗಲಿಲ್ಲೇನು? ಈಗ ನಿನ್ನ ತಾಟಿನಾಗ ಯಾರು ಉಣ್ತಾರ?" ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟು ಹೊರಗೆ ಹೋದೆ.

ಆರು ತಿಂಗಳ ಕೊನೆಯಲ್ಲಿ ಪೆಟ್ಟಿಗೆ ಖಾಲಿಯಾಯಿತು. ಮಾತ್ರೆ ಕೊಡುವ ಹೆಂಗಸು ಕೊನೆಯ ದಿನ ಬಾಯಿ ತೆರೆಸಲಿಲ್ಲ. "ಇಂಕ ಚಾಲು, ಸಾರ್" ಎಂದಳು. ಇನ್ನು ಸಾಕು ಎಂಬ ಆ ಮಾತಿಗಿಂತ ಕೊನೆಯ "ಸಾರ್" ನನಗೆ ಹೆಚ್ಚು ಹಿತವಾಯಿತು. ಕತ್ತಿನಲ್ಲಿ ಕಡಲೆಕಾಳಿನಷ್ಟು ಗಟ್ಟಿ ಉಳಿದಿದೆ. ಅದು ಉಳಿದರೂ ರೋಗ ಉಳಿದಿಲ್ಲ ಎಂದು ವೈದ್ಯೆ ಹೇಳಿದ್ದಾಳೆ. ಅಳೆಯುವುದನ್ನು ಬಿಟ್ಟಿದ್ದೇನೆ. ಕರಡಿಗೆ ಮತ್ತೆ ಕೊರಳಿಗೆ ಬಂದಿದೆ.

ಮುಂದಿನ ಭಾನುವಾರ ಮೂವರೂ ಬಂದರು. ಮಹೇಶ ಚಪ್ಪಲಿ ಬಿಡುವ ಮೊದಲೇ, "ಮಾವಾರ, ಪೂರಾ ಕ್ಲಿಯರ್ ಅಲ್ಲಾ?" ಎಂದ. ಅದರಲ್ಲಿ ಪ್ರಶ್ನೆ ಎಷ್ಟು, ಪಶ್ಚಾತ್ತಾಪ ಎಷ್ಟು ಎಂದು ನಾನು ಇನ್ನೂ ನಿರ್ಧರಿಸಿಲ್ಲ. ನಾನು ಅವನಿಗೆ ಉತ್ತರ ಕೊಡುವಾಗ ಒಂದು ಹೆಜ್ಜೆ ಮುಂದೆ ಹೋದೆ. ಅವನು ಹಿಂದೆ ಸರಿಯಲಿಲ್ಲ. ಅದನ್ನು ಗಮನಿಸಿದ್ದೇನೆ.

ಊಟಕ್ಕೆ ಕೂತೆವು. ನನ್ನ ತಾಟಿನಲ್ಲಿ ಎಡಬದಿಗೆ ಜಾಗ ಬಿಟ್ಟು ಪಲ್ಯ ಹಾಕಿಸಿಕೊಂಡಿದ್ದೆ. ಚಿನ್ನಿ ಎಲ್ಲರನ್ನೂ ಒಂದು ಸುತ್ತು ನೋಡಿತು. ಆರು ತಿಂಗಳು ಮಗುವಿನ ಲೆಕ್ಕದಲ್ಲಿ ದೀರ್ಘ ಕಾಲ. ಅದು ನನ್ನನ್ನು ದಾಟಿಹೋಗಿ, ಬೆಲ್ಲ ತುಪ್ಪ ಹಾಕಿ ರೊಟ್ಟಿ ಮುರಿದು ಕಲಸುತ್ತಿದ್ದ ಅಕ್ಕನ ಮುಂದೆ ಕೂತು, "ಆಯಿ, ನನಗ" ಎಂದು, ಅಜ್ಜಿಯನ್ನು ಕರೆಯುವ ಹಾಗೆ ಕರೆದು, ಬಾಯಿ ತೆರೆಯಿತು.

ಅಕ್ಕನ ಕೈ ತಾಟಿನ ಮೇಲೆಯೇ ನಿಂತಿತು. ಅವಳು ಸುಧಾಳನ್ನು ನೋಡಲಿಲ್ಲ, ಮಹೇಶನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಕೊಡ್ಲೇನೋ, ತಮ್ಮಾ?"

ಅವಳ ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನಿಜವಾಗಿಯೂ ಅಪ್ಪಣೆ ಕೇಳುತ್ತಿದ್ದಳು. ನನ್ನ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ಮಗುವಿಗೆ ಇರಲಿಲ್ಲ. ಅಕ್ಕನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡು ತುತ್ತನ್ನು ಬಾಯಿಗೆ ಹಾಕಿಕೊಂಡಿತು.

"ಕೊಡು, ಅಕ್ಕಾ" ಎಂದೆ.

ಊಟವಾದ ಮೇಲೆ ಅಕ್ಕ ತಾಟಿಗೆ ನೀರು ಹಾಕಿ ತೊಳೆದು ಎತ್ತಿದಾಗ, "ಎಲ್ಲಾ ಕುಡೀಬ್ಯಾಡ ಆಯಿ" ಎಂಬ ಹಳೆಯ ಕೂಗು ಕೇಳಿಸಿತು. ಕೊನೆಯ ಗುಟುಕು ಆ ದಿನ ನನ್ನ ತಾಟಿನದಲ್ಲ. ಚಿನ್ನಿ ಅದನ್ನು ಕುಡಿದು, ತಾಟನ್ನು ಬೋರಲು ಹಾಕಿ ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಓಡಿತು. ನಾನು ಅದನ್ನು ಇಸಿದುಕೊಂಡು ಒರೆಸಿ ನನ್ನ ತಾಟಿನ ಪಕ್ಕದಲ್ಲಿ ಸ್ಟ್ಯಾಂಡಿನಲ್ಲಿಟ್ಟೆ.

ಸುಧಾ ಮತ್ತೆ ಮಣಿಕೊಂಡಕ್ಕೆ ಕರೆಯುತ್ತಿದ್ದಾಳೆ. ಅಕ್ಕನೂ ಬರುವುದಾದರೆ ಬರುತ್ತೇನೆ ಎಂದಿದ್ದೇನೆ. ಅಕ್ಕ ಇನ್ನೂ ಉತ್ತರ ಕೊಟ್ಟಿಲ್ಲ. ಆ ಭಾನುವಾರದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ತಾಟು ಕಿಟಕಿಯಲ್ಲಿತ್ತು. ತೆಗೆದು ಒಳಗಿಟ್ಟೆ. ಇವತ್ತೂ ಕಿಟಕಿಯಲ್ಲಿತ್ತು. ಇವತ್ತೂ ಒಳಗಿಟ್ಟಿದ್ದೇನೆ.